ಕಿಲ್ಕೆನ್ನಿ ಹರ್ಲಿಂಗ್ ತಂಡಕ್ಕೆ ಹತ್ತು ಋತುಗಳಿಂದ ಕಪ್ ಇಲ್ಲ: ಇದನ್ನು ಕುಸಿತ ಎನ್ನಬಹುದೇ?

ನೋರ್ ತೀರದವನು

2025ರ ಜುಲೈನಲ್ಲಿ ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ನಡೆದ ಆಲ್ ಐರ್ಲೆಂಡ್ ಹರ್ಲಿಂಗ್ ಸೆಮಿಫೈನಲ್‌ನಲ್ಲಿ ಕಿಲ್ಕೆನ್ನಿ ತಂಡವು ಟಿಪ್ಪರರಿಯ ಎದುರು ಎರಡು ಅಂಕಗಳಿಂದ ಸೋತಿತು. ಅದರೊಂದಿಗೆ ಆಲ್ ಐರ್ಲೆಂಡ್ ಚಾಂಪಿಯನ್ನರಿಗೆ ಕೊಡುವ ಲಿಯಂ ಮೆಕಾರ್ಥಿ ಕಪ್ ಇಲ್ಲದ ಹತ್ತನೆಯ ಋತುವೂ ಮುಗಿಯಿತು. ಒಟ್ಟು 36 ಬಾರಿ ಆಲ್ ಐರ್ಲೆಂಡ್ ಪ್ರಶಸ್ತಿ ಗೆದ್ದು ಪಟ್ಟಿಯ ಮೇಲ್ತುದಿಯಲ್ಲಿ ಕುಳಿತಿರುವ ಕೌಂಟಿ (ಐರ್ಲೆಂಡಿನ ಜಿಲ್ಲೆ) ಇದು. ಕಾರ್ಕ್ 30 ಮತ್ತು ಟಿಪ್ಪರರಿ 29 ಪ್ರಶಸ್ತಿಗಳೊಂದಿಗೆ ಅದರ ಹಿಂದೆ ಇವೆ. 1904ರಲ್ಲಿ ಮೊದಲ ಪ್ರಶಸ್ತಿ ಬಂದ ಮೇಲೆ ಈ ಕೌಂಟಿ ಕಂಡ ಅತಿ ದೀರ್ಘ ಬರಗಾಲ ಒಂಬತ್ತು ಋತುಗಳದ್ದಾಗಿತ್ತು. 1922 ಮತ್ತು 1932ರ ಗೆಲುವುಗಳ ನಡುವೆ ಒಮ್ಮೆ, 1947 ಮತ್ತು 1957ರ ಗೆಲುವುಗಳ ನಡುವೆ ಇನ್ನೊಮ್ಮೆ ಹಾಗಾಗಿತ್ತು. ಈಗಿನದು ಅವೆರಡನ್ನೂ ಮೀರಿದೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಒಂದೊಂದು ಕಡೆ ಹದಿನೈದು ಜನ ಆಡುತ್ತಾರೆ. ಆ್ಯಶ್ ಮರದ ಚಪ್ಪಟೆ ತುದಿಯ ಕೋಲಿನಿಂದ ಸ್ಲಿಟರ್ ಎಂಬ ಚಿಕ್ಕ ಗಟ್ಟಿ ಚೆಂಡನ್ನು ಹೊಡೆಯುತ್ತಾರೆ. ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹೋದರೆ ಒಂದು ಅಂಕ, ಕೆಳಗೆ ಬಲೆಗೆ ಬಿದ್ದರೆ ಗೋಲು, ಅಂದರೆ ಮೂರು ಅಂಕ. ಸ್ಕೋರಿನಲ್ಲಿ ಮೊದಲು ಗೋಲು, ನಂತರ ಅಂಕ ಬರೆಯುತ್ತಾರೆ. ಹೀಗಾಗಿ ಆ ದಿನದ 4-20 ಮತ್ತು 0-30 ಎಂಬ ಸ್ಕೋರನ್ನು 32 ಮತ್ತು 30 ಎಂದು ಓದಿಕೊಳ್ಳಬೇಕು.

ಬ್ರಯನ್ ಕೋಡಿಯವರು 1998ರ ಕೊನೆಯಲ್ಲಿ ಮ್ಯಾನೇಜರ್ ಆದರು. 2000ದಿಂದ 2015ರವರೆಗಿನ ಹದಿನಾರು ಋತುಗಳಲ್ಲಿ ಹನ್ನೊಂದು ಬಾರಿ ಕಪ್ ಅವರ ತಂಡದ ಪಾಲಾಯಿತು. 2006ರಿಂದ 2009ರವರೆಗೆ ಸತತ ನಾಲ್ಕು ಬಾರಿ. 2008ರ ಫೈನಲ್‌ನಲ್ಲಿ ವಾಟರ್‌ಫರ್ಡ್ ತಂಡವನ್ನು 3-30, 1-13ರಿಂದ ಸೋಲಿಸಿದ ದಿನ ಕಿಲ್ಕೆನ್ನಿಯವರ ಹೊಡೆತಗಳಲ್ಲಿ ಗುರಿ ತಪ್ಪಿ ಆಚೆ ಹೋದವು ಎರಡೇ ಎರಡು. ಅಂಥ ತಂಡ ಇಂದು ಪ್ರತಿ ವರ್ಷ ಕೊನೆಯ ಮೆಟ್ಟಿಲಿನ ಹತ್ತಿರ ಬಂದು ಹಿಂದಿರುಗುತ್ತಿದೆ.

ನನ್ನ ಅನಿಸಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ಕಿಲ್ಕೆನ್ನಿಯ ಆಟಗಾರರ ಗುಣಮಟ್ಟ ಬಿದ್ದುಹೋಗಿದೆ ಎಂಬ ಊರ ಮಾತನ್ನು ನಾನು ಒಪ್ಪುವುದಿಲ್ಲ. ಈ ತಂಡ ಇಡೀ ದೇಶವನ್ನು ಯಾವ ಬಗೆಯ ಆಟದಿಂದ ಹೆದರಿಸಿತ್ತೋ, ಅದಕ್ಕೆ ಉಳಿದವರು ಉತ್ತರ ಕಂಡುಕೊಂಡರು. ಲೆನ್‌ಸ್ಟರ್ ಎಂಬ ತನ್ನ ಪ್ರಾಂತ್ಯದಲ್ಲಿ ವರ್ಷ ವರ್ಷವೂ ಗೆಲ್ಲುತ್ತಿದ್ದುದರಿಂದ ಅದು ಕಿಲ್ಕೆನ್ನಿಗೆ ಬಹಳ ತಡವಾಗಿ ಅರ್ಥವಾಯಿತು. ಭಿನ್ನಾಭಿಪ್ರಾಯವಿದ್ದವರು ದಯವಿಟ್ಟು ಬರೆಯಿರಿ.

ಮಂಡ್ಯದ ಮೇಷ್ಟ್ರು

ನಾನು ಈ ಆಟವನ್ನು ಮಗಳ ಮನೆಗೆ ಬಂದಾಗ ಟೀವಿಯಲ್ಲಿ ನೋಡಿದವನು, ಆದ್ದರಿಂದ ಪ್ರಶ್ನೆಗಳು ಬಾಲಿಶವಾಗಿದ್ದರೆ ಕ್ಷಮಿಸಬೇಕು. ಹಣಬಲವಿರುವ ಕ್ಲಬ್ಬು ಒಳ್ಳೆಯ ಆಟಗಾರರನ್ನು ಕೊಂಡು ಗೆಲ್ಲುವುದು, ಹಣ ಮುಗಿದ ಮೇಲೆ ಸೋಲುವುದು ಅರ್ಥವಾಗುವ ಸಂಗತಿ. ಆದರೆ ಇಲ್ಲಿ ಆಟಗಾರರಿಗೆ ಸಂಬಳವೇ ಇಲ್ಲವೆಂದು ಅಳಿಯ ಹೇಳುತ್ತಾನೆ. ಹಾಗಿದ್ದ ಮೇಲೆ ಒಂದು ಸಣ್ಣ ಕೌಂಟಿ ಅಷ್ಟು ವರ್ಷ ಮೇಲಿದ್ದದ್ದು ಹೇಗೆ, ಈಗ ಇಳಿದದ್ದು ಯಾವ ಕಾರಣದಿಂದ?

ನೋರ್ ತೀರದವನು

ಮೇಷ್ಟ್ರೇ, ನಿಮ್ಮ ಅಳಿಯಂದಿರು ಹೇಳಿದ್ದು ನಿಜ. 1884ರಲ್ಲಿ ಥರ್ಲ್ಸ್ ಪಟ್ಟಣದಲ್ಲಿ ಹುಟ್ಟಿದ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ ಇಂದಿಗೂ ಆಟಕ್ಕೆ ಸಂಬಳ ಕೊಡುವುದಿಲ್ಲ. ಎಂಬತ್ತು ಸಾವಿರ ಜನರ ಮುಂದೆ ಭಾನುವಾರ ಫೈನಲ್ ಆಡಿದವರು ಮುಂದೆ ತಮ್ಮ ಶಾಲೆಗೋ ಹೊಲಕ್ಕೋ ಕಚೇರಿಗೋ ಹಿಂದಿರುಗಲೇಬೇಕು. ಕೋಡಿಯವರೇ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದರು. ಹುಟ್ಟಿದ ಊರಿನ ಕ್ಲಬ್ಬಿಗೆ, ಆ ಕ್ಲಬ್ಬಿನ ಕೌಂಟಿಗೆ ಆಡುವುದು ಇಲ್ಲಿನ ವಾಡಿಕೆ. ಆಟಗಾರರನ್ನು ಕೊಂಡು ತರುವ ಮಾರುಕಟ್ಟೆ ಇಲ್ಲ.

2022ರ ಜನಗಣತಿಯಂತೆ ಕಿಲ್ಕೆನ್ನಿಯ ಜನಸಂಖ್ಯೆ ಒಂದು ಲಕ್ಷ ನಾಲ್ಕು ಸಾವಿರದ ಆಸುಪಾಸು. ಲಿಮರಿಕ್ ಅದರ ಎರಡರಷ್ಟಿದೆ, ಕಾರ್ಕ್ ಐದು ಪಟ್ಟಿಗಿಂತ ದೊಡ್ಡದು, ಡಬ್ಲಿನ್ ಹದಿನಾಲ್ಕು ಪಟ್ಟು. ಇಷ್ಟು ಚಿಕ್ಕ ಜಾಗ ಮೇಲಕ್ಕೆ ಬರಲು ಮುಖ್ಯ ಕಾರಣ ಹರ್ಲಿಂಗನ್ನು ಬಿಟ್ಟು ಬೇರೇನನ್ನೂ ಮನಸ್ಸಿಗೆ ಹಚ್ಚಿಕೊಳ್ಳದಿರುವುದು. ಐರ್ಲೆಂಡಿನ ಉಳಿದೆಲ್ಲ ಕೌಂಟಿಗಳು ಗೇಲಿಕ್ ಫುಟ್‌ಬಾಲಿನ ಹಿರಿಯರ ಚಾಂಪಿಯನ್‌ಷಿಪ್‌ನಲ್ಲಿ ಆಡುತ್ತವೆ. ಕಿಲ್ಕೆನ್ನಿ ಆ ಕಡೆ ತಲೆಯನ್ನೇ ಹಾಕುವುದಿಲ್ಲ. ಇಲ್ಲಿನ ಸೇಂಟ್ ಕೀರನ್ಸ್ ಕಾಲೇಜು ಎಂಬ ಪ್ರೌಢಶಾಲೆಯಿಂದ ತಲೆಮಾರುಗಳ ಕಾಲ ಕೌಂಟಿ ತಂಡಕ್ಕೆ ಹುಡುಗರು ಬಂದಿದ್ದಾರೆ.

ಇದಕ್ಕೆ ಕೋಡಿಯವರು ಸೇರಿಸಿದ್ದು ನಿಷ್ಠುರತೆ. ಕಿಲ್ಕೆನ್ನಿಯ ಮೈದಾನವಾದ ನೋಲನ್ ಪಾರ್ಕಿನಲ್ಲಿ ನಡೆಯುತ್ತಿದ್ದ ಅಭ್ಯಾಸ ಪಂದ್ಯಗಳು ಎಷ್ಟೋ ನಿಜವಾದ ಪಂದ್ಯಗಳಿಗಿಂತ ಕಠಿಣವಾಗಿರುತ್ತಿದ್ದವೆಂದು ಆಡಿದವರೇ ಹೇಳಿಕೊಂಡಿದ್ದಾರೆ. ಹೆಸರು ಮಾಡಿದವನೆಂದು ಯಾರಿಗೂ ಜಾಗ ಕಾಯ್ದಿರಿಸಿರಲಿಲ್ಲ. ಆಟದ ತತ್ವ ಸರಳವಾಗಿತ್ತು: ಚೆಂಡನ್ನು ಎತ್ತರಕ್ಕೆ, ದೂರಕ್ಕೆ ಹೊಡೆಯುವುದು; ಅದರ ಕೆಳಗೆ ನಿಂತವನು ತನ್ನ ಎದುರಾಳಿಯನ್ನು ಮೀರಿಸಿ ಹಿಡಿಯುವುದು; ಹಿಡಿಯಲಾಗದಿದ್ದರೆ ಎದುರಾಳಿಯ ಹೊಡೆತವನ್ನು ಕೋಲು ಅಡ್ಡ ಹಾಕಿ ಕೆಡಿಸುವುದು. ಟಾಮಿ ವಾಲ್ಷ್, ಬ್ರಯನ್ ಹೋಗನ್, ಜೆ.ಜೆ. ಡೆಲೇನಿ ಹಿಂದಿನ ಸಾಲಿನಲ್ಲಿ ನಿಂತಿದ್ದಾಗ ಆಕಾಶದಿಂದ ಇಳಿದ ಚೆಂಡು ಹೆಚ್ಚಾಗಿ ಅವರದೇ ಆಗುತ್ತಿತ್ತು. ಮುಂದಿನ ಸಾಲಿನಲ್ಲಿ ಹೆನ್ರಿ ಶೆಫ್ಲಿನ್ ಇದ್ದರು. ಮೈದಾನದಲ್ಲಿ ಆಡಿ ಹತ್ತು ಆಲ್ ಐರ್ಲೆಂಡ್ ಪದಕ ಗೆದ್ದ ಮೊದಲಿಗರು ಅವರು.

ಶಾನನ್ ದಂಡೆ

ನಾನು ಲಿಮರಿಕ್ಕಿನಲ್ಲಿ ನೆಲೆಸಿರುವುದರಿಂದ ನನ್ನ ಮಾತಿನಲ್ಲಿ ಪಕ್ಷಪಾತವಿದೆ ಎಂದು ಯಾರಾದರೂ ಹೇಳಿದರೆ ಬೇಸರಪಡುವುದಿಲ್ಲ. ಆದರೂ ಮೇಲೆ ವಿವರಿಸಿದ ಆಟ ಎಲ್ಲಿ ನಿಂತುಹೋಯಿತು ಎಂಬುದನ್ನು ನಮ್ಮ ಊರಿನವರು ಹತ್ತಿರದಿಂದ ಬಲ್ಲರು.

ಜಾನ್ ಕೈಲಿ ಮ್ಯಾನೇಜರ್ ಆಗಿ, ಪಾಲ್ ಕಿನರ್ಕ್ ತರಬೇತುದಾರರಾಗಿ ಕಟ್ಟಿದ ಲಿಮರಿಕ್ ತಂಡವು ಚೆಂಡನ್ನು ಆಕಾಶಕ್ಕೆ ಕಳಿಸಿ ಅದೃಷ್ಟ ನೋಡುವುದನ್ನು ಬಿಟ್ಟಿತು. ಹಿಂದಿನ ಸಾಲಿನವನು ಪಕ್ಕದವನಿಗೆ ಕೊಡುತ್ತಾನೆ, ಅವನು ಇನ್ನೊಬ್ಬನಿಗೆ. ಎದುರಾಳಿ ಚೆಂಡನ್ನು ಹುಡುಕಿಕೊಂಡು ಮುಂದೆ ಬಂದಾಗ ಅವನ ಬೆನ್ನ ಹಿಂದೆ ತೆರವಾದ ಜಾಗಕ್ಕೆ ಅಳೆದು ಹೊಡೆಯುತ್ತಾರೆ. ಗಟ್ಟಿ ಮೈಕಟ್ಟಿನ ಗೇರೋಡ್ ಹೆಗಾರ್ಟಿ, ಟಾಮ್ ಮಾರಿಸಿಯಂಥವರು ಮುಂದಿನ ಸಾಲಿನಿಂದ ಮಧ್ಯಕ್ಕೆ ಇಳಿದು ಬಂದು, ಚೆಂಡು ಪಡೆದು, ದೂರದಿಂದಲೇ ಅಂಕ ಗಳಿಸುತ್ತಾರೆ. ಒಬ್ಬನಿಗೆ ಒಬ್ಬ ಎದುರು ನಿಂತು ಗೆಲ್ಲುವ ದ್ವಂದ್ವಯುದ್ಧವೇ ಅಲ್ಲಿ ಇರುವುದಿಲ್ಲ. ಕಿಲ್ಕೆನ್ನಿಯ ಅತ್ಯುತ್ತಮ ರಕ್ಷಕ ತನ್ನ ಎದುರಾಳಿ ಎಲ್ಲಿ ಹೋದನೆಂದು ಹುಡುಕುವ ಹೊತ್ತಿಗೆ ಅಂಕ ಬಿದ್ದಿರುತ್ತದೆ.

2018ರಲ್ಲಿ ಲಿಮರಿಕ್ ಕ್ವಾರ್ಟರ್ ಫೈನಲ್‌ನಲ್ಲಿ ಕಿಲ್ಕೆನ್ನಿಯನ್ನು 0-27, 1-22ರಿಂದ ಸೋಲಿಸಿ, ಮುಂದೆ 1973ರ ನಂತರದ ತನ್ನ ಮೊದಲ ಕಪ್ ಗೆದ್ದಿತು. 2019ರ ಸೆಮಿಫೈನಲ್‌ನಲ್ಲಿ ಕಿಲ್ಕೆನ್ನಿ ಒಂದು ಅಂಕದಿಂದ ಸೇಡು ತೀರಿಸಿಕೊಂಡಿತು. ಆ ಪಂದ್ಯದ ಕೊನೆಯಲ್ಲಿ ನಮಗೆ ಸಿಗಬೇಕಿದ್ದ ಒಂದು ಹೊಡೆತವನ್ನು ಕೊಡಲಿಲ್ಲವೆಂಬ ಕೊರಗು ಇಲ್ಲಿ ಇನ್ನೂ ಇದೆ, ಅದನ್ನು ಬದಿಗಿಡೋಣ. ನಂತರ ಎರಡು ಫೈನಲ್‌ಗಳು ಬಂದವು. 2022ರಲ್ಲಿ ಲಿಮರಿಕ್ 1-31, ಕಿಲ್ಕೆನ್ನಿ 2-26. 2023ರಲ್ಲಿ ಲಿಮರಿಕ್ 0-30, ಕಿಲ್ಕೆನ್ನಿ 2-15.

ಈ ಎರಡನೆಯ ಪಂದ್ಯದ ಉತ್ತರಾರ್ಧವನ್ನು ನೋಡಿದರೆ ಸಾಕು. ವಿರಾಮದ ಹೊತ್ತಿಗೆ ಕಿಲ್ಕೆನ್ನಿ ಮೂರು ಅಂಕ ಮುಂದಿತ್ತು. ನಂತರದ ಮೂವತ್ತೈದು ಚಿಲ್ಲರೆ ನಿಮಿಷಗಳಲ್ಲಿ ಲಿಮರಿಕ್ ಒಂದೂ ಗೋಲಿಲ್ಲದೆ 21 ಅಂಕ ಗಳಿಸಿತು, ಕಿಲ್ಕೆನ್ನಿ ಗಳಿಸಿದ್ದು 1-6. ಒಂದು ತಂಡದ ದಾರಿ ಸವೆದಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ನನಗೆ ಕಾಣುವುದಿಲ್ಲ.

ಲೆಕ್ಕದ ಪುಸ್ತಕ

"ಕುಸಿತ" ಎಂಬ ಮಾತನ್ನು ಬಳಸುವ ಮೊದಲು ಕೆಲವು ಸಂಗತಿಗಳನ್ನು ಮುಂದಿಡಲು ಅನುಮತಿ ಕೊಡಿ. ಈ ಹತ್ತು ಋತುಗಳಲ್ಲಿ ಕಿಲ್ಕೆನ್ನಿ ನಾಲ್ಕು ಬಾರಿ ಫೈನಲ್ ಆಡಿದೆ, ಇನ್ನೂ ನಾಲ್ಕು ಬಾರಿ ಸೆಮಿಫೈನಲ್‌ನಲ್ಲಿ ಸೋತಿದೆ. ಅದಕ್ಕಿಂತ ಮೊದಲೇ ಹೊರಬಿದ್ದದ್ದು 2017 ಮತ್ತು 2018ರಲ್ಲಿ ಮಾತ್ರ. 2020ರಿಂದ 2025ರವರೆಗೆ ಆರು ಬಾರಿ ಸತತವಾಗಿ ಲೆನ್‌ಸ್ಟರ್ ಪ್ರಶಸ್ತಿ ಗೆದ್ದಿದೆ. 2018ರಲ್ಲಿ ಲೀಗ್ ಎಂಬ ಇನ್ನೊಂದು ರಾಷ್ಟ್ರೀಯ ಪಂದ್ಯಾವಳಿ ಗೆದ್ದಿತು, 2021ರಲ್ಲಿ ಗಾಲ್ವೇಯೊಂದಿಗೆ ಅದನ್ನು ಹಂಚಿಕೊಂಡಿತು. ಬೇರೆ ಯಾವ ಕೌಂಟಿಯ ಅಭಿಮಾನಿಯಾದರೂ ಇಂಥ ಹತ್ತು ವರ್ಷಗಳನ್ನು ಸುವರ್ಣಯುಗ ಎನ್ನುತ್ತಿದ್ದ.

ಇನ್ನೊಂದು ಲೆಕ್ಕ ಹೆಚ್ಚು ಕುತೂಹಲಕರವಾಗಿದೆ. 2022ರ ಫೈನಲ್‌ನಲ್ಲಿ ಸೋತ ಕಿಲ್ಕೆನ್ನಿ ಗಳಿಸಿದ್ದು 2-26, ಅಂದರೆ 32. ಕೋಡಿಯವರು ಗೆದ್ದ ಹನ್ನೊಂದು ಫೈನಲ್‌ಗಳನ್ನು ಒಂದೊಂದಾಗಿ ತೆಗೆದು ನೋಡಿ: 2003ರಲ್ಲಿ 1-14 ಸಾಕಾಗಿತ್ತು, 2006ರಲ್ಲಿ 1-16, 2011ರಲ್ಲಿ 2-17, 2015ರಲ್ಲಿ 1-22. 2008ರ ಆ ಒಂದು ದಿನವನ್ನು ಬಿಟ್ಟರೆ ಯಾವ ಗೆಲುವಿನಲ್ಲೂ ತಂಡ 32 ಮುಟ್ಟಿರಲಿಲ್ಲ. ಅಂದರೆ ತನ್ನ ವೈಭವದ ದಿನಗಳಲ್ಲಿ ಹತ್ತು ಫೈನಲ್ ಗೆದ್ದಾಗ ಗಳಿಸಿದ್ದಕ್ಕಿಂತ ಹೆಚ್ಚು ಅಂಕಗಳನ್ನು ಗಳಿಸಿಯೂ ಕಿಲ್ಕೆನ್ನಿ ಅಂದು ಸೋತಿತು. ಆಟವೇ ಬದಲಾಗಿದೆ ಎಂಬ ನೋರ್ ತೀರದವರ ಮಾತಿಗೆ ಇದು ಪೋಷಕವಾಗಿದೆ. ಆದರೆ ಕಿಲ್ಕೆನ್ನಿ ಬದಲಾಗಲೇ ಇಲ್ಲ ಎಂಬ ಆರೋಪಕ್ಕೆ ಇದು ವಿರುದ್ಧವಾದ ಸಾಕ್ಷಿಯೂ ಹೌದು. ಕೋಡಿಯವರ ಆ ಕೊನೆಯ ಪಂದ್ಯದಲ್ಲಿ ತಂಡ ಹೊಸ ವೇಗಕ್ಕೆ ಹೊಂದಿಕೊಂಡೇ ಆಡಿತ್ತು.

ಶಾನನ್ ದಂಡೆ

ಸ್ನೇಹಿತರೇ, ನಾಲ್ಕು ಫೈನಲ್ ಆಡಿದರೆಂದು ಹೇಳಿದ ಮೇಲೆ ಅಂತರವನ್ನೂ ಹೇಳಬೇಕಿತ್ತು. 2016ರಲ್ಲಿ ಟಿಪ್ಪರರಿಗೆ ಒಂಬತ್ತು ಅಂಕ, 2019ರಲ್ಲಿ ಮತ್ತೆ ಟಿಪ್ಪರರಿಗೆ ಹದಿನಾಲ್ಕು, 2023ರಲ್ಲಿ ಲಿಮರಿಕ್‌ಗೆ ಒಂಬತ್ತು. ಎರಡು ಅಂಕಗಳ ಸೋಲು 2022ರದ್ದು ಮಾತ್ರ. 2019ರಲ್ಲಿ ರಿಚಿ ಹೋಗನ್ ಮೊದಲಾರ್ಧದಲ್ಲೇ ಕೆಂಪು ಚೀಟಿ ಪಡೆದು ಹೊರನಡೆದದ್ದನ್ನು ನಾನು ಮರೆತಿಲ್ಲ. ಆದರೂ ಹದಿನಾಲ್ಕು ಎಂಬುದು ಹದಿನಾಲ್ಕೇ.

ಇನ್ನೂ ಒಂದು ಸಂಗತಿ. 2016ರಿಂದ 2025ರವರೆಗೆ ಕಿಲ್ಕೆನ್ನಿಯ ಋತುವನ್ನು ಮುಗಿಸಿದವರು ಯಾರೆಂದು ನೋಡಿ. ಟಿಪ್ಪರರಿ ಮತ್ತು ಲಿಮರಿಕ್ ಮೂರು ಮೂರು ಬಾರಿ, ವಾಟರ್‌ಫರ್ಡ್ ಎರಡು ಬಾರಿ, ಕಾರ್ಕ್ ಮತ್ತು ಕ್ಲೇರ್ ಒಂದೊಂದು ಬಾರಿ. ಹತ್ತಕ್ಕೆ ಹತ್ತೂ ಮನ್‌ಸ್ಟರ್ ಪ್ರಾಂತ್ಯದ ತಂಡಗಳೇ. ಆ ಪ್ರಾಂತ್ಯದ ಐದು ಪ್ರಬಲ ಕೌಂಟಿಗಳಲ್ಲಿ ಒಂದೂ ಈ ಪಟ್ಟಿಯಿಂದ ಹೊರಗುಳಿದಿಲ್ಲ.

ರಾತ್ರಿ ಪಾಳಿ

ಇಲ್ಲಿಯವರೆಗೆ ತಂಡದ ಮಾತಾಯಿತು, ಅಭಿಮಾನಿಗಳ ಮಾತನ್ನು ಯಾರೂ ಎತ್ತಲಿಲ್ಲ. ನಾನು ಈ ಕೌಂಟಿಯಲ್ಲಿ ನರ್ಸ್ ಆಗಿ ಕೆಲಸ ಮಾಡುವವಳು. ಬೇಸಿಗೆಯಲ್ಲಿ ವಾರ್ಡಿನಲ್ಲಿ ರೋಗಿಗಳು ತಮ್ಮ ಕಾಯಿಲೆಗಿಂತ ಹೆಚ್ಚಾಗಿ ಹರ್ಲಿಂಗ್ ಕುರಿತೇ ಮಾತನಾಡುತ್ತಾರೆ, ಆದ್ದರಿಂದ ಕಿವಿಗೆ ಬಿದ್ದದ್ದನ್ನು ಬರೆಯುತ್ತೇನೆ.

ಎಪ್ಪತ್ತು ದಾಟಿದವರು ಅಷ್ಟಾಗಿ ಕಂಗೆಟ್ಟಿಲ್ಲ. 1983 ಮತ್ತು 1992ರ ನಡುವಿನ ಬರವನ್ನು ಅವರು ಕಂಡಿದ್ದಾರೆ, ಕಪ್ ತಾನಾಗಿಯೇ ಬರುವುದಿಲ್ಲವೆಂಬುದು ಅವರಿಗೆ ಗೊತ್ತು. ಒಳಗೊಳಗೇ ಕುದಿಯುತ್ತಿರುವವರು ಮೂವತ್ತೈದರಿಂದ ಐವತ್ತರೊಳಗಿನವರು. ಕೋಡಿಯವರ ಕಾಲದಲ್ಲಿ ಅವರು ಯುವಕರಾಗಿದ್ದರು. ಸೆಪ್ಟೆಂಬರ್ ಬಂತೆಂದರೆ ಡಬ್ಲಿನ್ನಿಗೆ ಹೋಗುವುದು, ಗೆದ್ದು ಬರುವುದು, ಸೋಮವಾರ ನಗರದಲ್ಲಿ ತಂಡವನ್ನು ಎದುರುಗೊಳ್ಳುವುದು ಅವರಿಗೆ ಹಬ್ಬದ ಕ್ಯಾಲೆಂಡರಿನಂತೆ ಖಚಿತವಾಗಿತ್ತು. ಈಗ ಫೈನಲ್ ಜುಲೈ ತಿಂಗಳಿಗೆ ಬಂದಿದೆ, ಕಿಲ್ಕೆನ್ನಿ ಅಲ್ಲಿರುತ್ತದೆಂಬ ಖಾತರಿಯೂ ಇಲ್ಲ. ಅವರು ತಂಡದ ಮೇಲೆ ಸಿಟ್ಟಾಗುತ್ತಾರೆ, ಮರುಕ್ಷಣವೇ ಹೊರಗಿನವರು ಯಾರಾದರೂ ಅದೇ ಮಾತನ್ನು ಹೇಳಿದರೆ ಅವರ ಮೇಲೂ ಸಿಟ್ಟಾಗುತ್ತಾರೆ.

ಲೆನ್‌ಸ್ಟರ್ ಫೈನಲ್ ಗೆದ್ದ ಸಂಜೆ ಊರಲ್ಲಿ ಯಾವ ಸದ್ದೂ ಇರುವುದಿಲ್ಲ ಎಂಬುದು ನನಗೆ ಮೊದಲು ವಿಚಿತ್ರವಾಗಿ ಕಂಡಿತ್ತು. ಒಬ್ಬ ಹಿರಿಯರನ್ನು ಕೇಳಿದಾಗ, ಅದು ಊಟಕ್ಕೆ ಮೊದಲು ಕೈ ತೊಳೆದಂತೆ, ಅದಕ್ಕೆ ಯಾರು ಸಂಭ್ರಮಪಡುತ್ತಾರೆ ಎಂದರು. ಆರು ವರ್ಷ ಸತತವಾಗಿ ಪ್ರಾಂತ್ಯ ಗೆದ್ದವರಿಗೆ ಅದು ಗೆಲುವೆಂದೇ ಅನಿಸದಿರುವುದು ಈ ಜನರ ನಿಜವಾದ ಕಷ್ಟ ಎಂದು ನನಗೆ ತೋರುತ್ತದೆ. ವೆಕ್ಸ್‌ಫರ್ಡ್‌ನವರು 2019ರಲ್ಲಿ ಅದೇ ಪ್ರಶಸ್ತಿಯನ್ನು ಗೆದ್ದಾಗ ಅಳುತ್ತ ಮೈದಾನಕ್ಕೆ ನುಗ್ಗಿದ್ದರು.

ಮಕ್ಕಳ ವಿಷಯ ಬೇರೆಯೇ ಇದೆ. ನನ್ನ ಮಗನ ತರಗತಿಯಲ್ಲಿ ಯಾರಿಗೂ ಕಿಲ್ಕೆನ್ನಿ ಕಪ್ ಎತ್ತಿದ ನೆನಪಿಲ್ಲ. ಕಪ್ಪು ಮತ್ತು ಹಳದಿ ಪಟ್ಟೆಯ ಜೆರ್ಸಿಯನ್ನು ಅವರೂ ಹಾಕಿಕೊಳ್ಳುತ್ತಾರೆ, ಶಾಲೆಗೆ ಹೋಗುವಾಗಲೂ ಕೋಲು ಕೈಯಲ್ಲಿರುತ್ತದೆ. ಆದರೆ ಅವರು ತಂಡದಿಂದ ಗೆಲುವನ್ನು ಹಕ್ಕಿನಂತೆ ಕೇಳುವುದಿಲ್ಲ. ತಂಡದ ಹಿರಿಯ ಆಟಗಾರ ಟಿ.ಜೆ. ರೀಡ್ ಒಂದು ಅಂಕ ಹೊಡೆದರೆ ಅವರಿಗೆ ಅಂದಿನ ದಿನಕ್ಕೆ ಅದು ಸಾಕು.

ಹಳೆಯ ಗ್ಯಾಲರಿ

ಎಲ್ಲರೂ ಬಹಳ ಮರ್ಯಾದೆಯಿಂದ ಒಂದು ಮಾತನ್ನು ತಪ್ಪಿಸಿಕೊಂಡು ಹೋಗುತ್ತಿದ್ದೀರಿ. ಕೋಡಿಯವರು 2015ರಲ್ಲೋ 2016ರಲ್ಲೋ ಬಿಡಬೇಕಿತ್ತು. ಇಪ್ಪತ್ತನಾಲ್ಕು ಋತು ಒಬ್ಬರೇ ಆ ಜಾಗದಲ್ಲಿದ್ದರು.

2014ರ ಗೆಲುವಿನ ನಂತರದ ಚಳಿಗಾಲದಲ್ಲಿ ಟಾಮಿ ವಾಲ್ಷ್, ಜೆ.ಜೆ. ಡೆಲೇನಿ, ಬ್ರಯನ್ ಹೋಗನ್, ಏಡನ್ ಫೋಗರ್ಟಿ, ಗೋಲ್‌ಕೀಪರ್ ಡೇವಿಡ್ ಹೆರಿಟಿ ನಿವೃತ್ತರಾದರು. 2015ರ ಮಾರ್ಚ್‌ನಲ್ಲಿ ಶೆಫ್ಲಿನ್ ಕೂಡ ಬಿಟ್ಟರು. ಒಂದೇ ಹೊಡೆತಕ್ಕೆ ಇಷ್ಟು ಜನ ಹೋದ ಮೇಲೂ ಅದೇ ವರ್ಷ ಟಿ.ಜೆ. ರೀಡ್ ಮತ್ತು ರಿಚಿ ಹೋಗನ್ ಅವರ ಬಲದಿಂದ ಗಾಲ್ವೇಯನ್ನು ಸೋಲಿಸಿ ಕಪ್ ಗೆದ್ದದ್ದು ಕೋಡಿಯವರ ಅತ್ಯಂತ ದೊಡ್ಡ ಸಾಧನೆ ಎಂದು ಹೇಳುವವರಿದ್ದಾರೆ. ನನಗೆ ಕಾಣುವುದು ಬೇರೆ. ಆ ಗೆಲುವು ತಂಡವನ್ನು ಬುಡದಿಂದ ಕಟ್ಟಬೇಕಾದ ಅಗತ್ಯವನ್ನು ಮರೆಮಾಚಿತು. 2016ರಲ್ಲಿ ಜಾಕಿ ಟಿರೆಲ್ ಮತ್ತು ಇಯೋನ್ ಲಾರ್ಕಿನ್, 2017ರಲ್ಲಿ ಮೈಕಲ್ ಫೆನೆಲಿ ಹೋದಾಗ ಅವರ ಜಾಗಕ್ಕೆ ಅದೇ ತೂಕದವರು ಬರಲಿಲ್ಲ. 2017ರಲ್ಲಿ ವೆಕ್ಸ್‌ಫರ್ಡ್ ಎದುರು, ನಂತರ ವಾಟರ್‌ಫರ್ಡ್ ಎದುರು ಸೋತು ಬೇಸಿಗೆಯ ನಡುವೆಯೇ ಮನೆಗೆ ಬಂದರು.

ಕಿರಿಯರ ಕಡೆ ನೋಡಿ. ಕಿಲ್ಕೆನ್ನಿ ಮೈನರ್, ಅಂದರೆ ಹದಿಹರೆಯದವರ, ವಿಭಾಗದ ಆಲ್ ಐರ್ಲೆಂಡ್ ಗೆದ್ದದ್ದು 2014ರಲ್ಲಿ ಕೊನೆ. 21 ವರ್ಷದೊಳಗಿನವರ ಕಪ್ 2008ರಲ್ಲಿ ಬಂದ ಮೇಲೆ, ಆ ವಿಭಾಗ 20 ವರ್ಷದೊಳಗಿನವರದ್ದಾಗಿ ಬದಲಾಗಿ, 2022ರವರೆಗೆ ಕಾಯಬೇಕಾಯಿತು. ಇದೇ ಅವಧಿಯಲ್ಲಿ ಲಿಮರಿಕ್ ತನ್ನ ಹುಡುಗರ ಅಕಾಡೆಮಿಯಿಂದ ಒಂದು ಇಡೀ ತಲೆಮಾರನ್ನು ಬೆಳೆಸಿ ಮೇಲೆ ತಂದಿತು. ಕೆಳಗೆ ಗೊಬ್ಬರ ಹಾಕದೆ ಮೇಲೆ ಹಣ್ಣು ಕೇಳಿದರೆ ಮ್ಯಾನೇಜರ್ ಯಾರಾದರೇನು?

ನೋರ್ ತೀರದವನು

ಹಳೆಯ ಗ್ಯಾಲರಿಯವರ ಎರಡನೆಯ ಮಾತನ್ನು ಒಪ್ಪುತ್ತೇನೆ, ಮೊದಲನೆಯದನ್ನು ಒಪ್ಪಲಾರೆ. 2016ರಲ್ಲಿ ಕೋಡಿಯವರು ಹೋಗಿದ್ದರೆ ಅಂಥ ಬಡ ತಂಡದೊಂದಿಗೆ 2019ರ ಫೈನಲ್ ತಲುಪುವ ಇನ್ನೊಬ್ಬರು ಆಗ ಕೌಂಟಿಯಲ್ಲಿ ಇದ್ದರೇ? ಸೆಮಿಫೈನಲ್‌ನಲ್ಲಿ ಹಾಲಿ ಚಾಂಪಿಯನ್ ಲಿಮರಿಕ್ಕನ್ನು ಮಣಿಸಿದ್ದು ಶುದ್ಧ ಹಳೆಯ ಕಿಲ್ಕೆನ್ನಿ ಆಟದಿಂದ, ಎದುರಾಳಿಗೆ ಚೆಂಡನ್ನು ತನ್ನವರಿಗೆ ದಾಟಿಸುವುದಕ್ಕೂ ಉಸಿರಾಡುವುದಕ್ಕೂ ಬಿಡುವು ಕೊಡದ ಆಟದಿಂದ.

ಆದರೆ ಒಂದು ಒಗಟು ನನ್ನನ್ನು ಕಾಡುತ್ತದೆ. ಕೌಂಟಿ ತಂಡಕ್ಕೆ ಕಪ್ ಸಿಗದ ಈ ವರ್ಷಗಳಲ್ಲಿಯೇ ಕೌಂಟಿಯ ದಕ್ಷಿಣದ ಸಣ್ಣ ಹಳ್ಳಿಯ ಬ್ಯಾಲಿಹೇಲ್ ಶ್ಯಾಮ್ರಾಕ್ಸ್ ಕ್ಲಬ್ಬು 2019, 2020 ಮತ್ತು 2023ರಲ್ಲಿ ಆಲ್ ಐರ್ಲೆಂಡ್ ಕ್ಲಬ್ ಪ್ರಶಸ್ತಿ ಗೆದ್ದಿತು. ಒಟ್ಟು ಒಂಬತ್ತು, ಅಷ್ಟು ಬೇರಾರಿಗೂ ಇಲ್ಲ. ಟಿ.ಜೆ. ರೀಡ್, ಏಡ್ರಿಯನ್ ಮುಲೆನ್ ಆ ಹಳ್ಳಿಯವರು. ಅಂದರೆ ಪ್ರತಿಭೆ ಕೌಂಟಿಯಲ್ಲಿ ಬತ್ತಿಲ್ಲ, ಒಂದು ಮೂಲೆಯಲ್ಲಿ ಒಟ್ಟುಗೂಡಿದೆ. ಉಳಿದ ಊರುಗಳ ಕ್ಲಬ್ಬುಗಳಿಂದ ಆ ಮಟ್ಟದ ಆರೆಂಟು ಜನ ಬಂದಿದ್ದರೆ ನಾವು ಈ ಚರ್ಚೆಯನ್ನೇ ಮಾಡುತ್ತಿರಲಿಲ್ಲ.

ಆ ಬ್ಯಾಲಿಹೇಲ್ ತಂಡಕ್ಕೆ 2019 ಮತ್ತು 2020ರ ಗೆಲುವುಗಳಲ್ಲಿ ಮ್ಯಾನೇಜರ್ ಆಗಿದ್ದವರು ಶೆಫ್ಲಿನ್. ಕೌಂಟಿಯ ಜವಾಬ್ದಾರಿ ಒಂದು ದಿನ ಅವರಿಗೇ ಬರುತ್ತದೆಂದು ಇಲ್ಲಿನ ಜನ ನಂಬಿದ್ದರು. ಅವರು 2022ರ ಋತುವಿಗೆ ಗಾಲ್ವೇಯ ಮ್ಯಾನೇಜರ್ ಆಗಿ ಹೋದರು. ಆ ವರ್ಷದ ಮೇ ತಿಂಗಳಲ್ಲಿ ಸಾಲ್ಟ್‌ಹಿಲ್ ಮೈದಾನದಲ್ಲಿ ಗಾಲ್ವೇ ಗೆದ್ದ ನಂತರ ಕೋಡಿ ಮತ್ತು ಶೆಫ್ಲಿನ್ ಕೈ ಕುಲುಕಿದ ರೀತಿಯನ್ನು ಇಡೀ ಐರ್ಲೆಂಡ್ ವಾರಗಟ್ಟಲೆ ಚರ್ಚಿಸಿತು. ಪಂದ್ಯದ ಫಲಿತಾಂಶಕ್ಕಿಂತ ಆ ಹಸ್ತಲಾಘವ ಹೆಚ್ಚು ನೋವು ಕೊಟ್ಟಿತೆಂದು ನನ್ನ ಪಕ್ಕದ ಮನೆಯವರು ಹೇಳಿದ್ದರು.

ಮಂಡ್ಯದ ಮೇಷ್ಟ್ರು

ಬಹಳ ಉಪಕಾರವಾಯಿತು. 2025ರ ಸೆಮಿಫೈನಲ್‌ನಲ್ಲಿ ಸ್ಕೋರ್‌ಬೋರ್ಡ್ ತಪ್ಪು ತೋರಿಸಿತೆಂದು ಅಳಿಯ ಹೇಳುತ್ತಿದ್ದ. ಸೋಲಿಗೆ ಅದೇ ಕಾರಣವಾಗಿದ್ದರೆ ಈ ಇಡೀ ವಾದ ಬಿದ್ದುಹೋಗುವುದಿಲ್ಲವೇ?

ಲೆಕ್ಕದ ಪುಸ್ತಕ

ಮೇಷ್ಟ್ರೇ, ಸಂಗತಿ ಹೀಗಿದೆ. ಕೊನೆಯ ಕ್ಷಣಗಳಲ್ಲಿ ಬೋರ್ಡಿನ ಮೇಲೆ ಟಿಪ್ಪರರಿಯ ಮುನ್ನಡೆ ಮೂರು ಎಂದು ಕಾಣುತ್ತಿತ್ತು, ನಿಜವಾದ ಅಂತರ ಎರಡಾಗಿತ್ತು. ಮೂರು ಅಂಕ ಹಿಂದಿದ್ದೇವೆಂದು ತಿಳಿದ ತಂಡ ಸಮಬಲಕ್ಕೆ ಗೋಲೇ ಬೇಕೆಂದು ಆಡುತ್ತದೆ. ಎರಡೇ ಹಿಂದಿದ್ದೇವೆಂದು ತಿಳಿದಿದ್ದರೆ ಒಂದೊಂದಾಗಿ ಎರಡು ಅಂಕಗಳಿಗೆ ಪ್ರಯತ್ನಿಸುವ ದಾರಿಯೂ ಇರುತ್ತಿತ್ತು. ಅಧಿಕೃತ ಸ್ಕೋರು 4-20, 0-30 ಎಂದು ನಂತರ ಖಚಿತವಾಯಿತು, ಫಲಿತಾಂಶ ಬದಲಾಗಲಿಲ್ಲ. ಅಭಿಮಾನಿಗಳ ಕೋಪ ನ್ಯಾಯವಾದದ್ದು. ಇಷ್ಟು ದೊಡ್ಡ ಕ್ರೀಡಾಂಗಣದಲ್ಲಿ, ವರ್ಷದ ಅತಿ ಮುಖ್ಯ ಪಂದ್ಯಗಳಲ್ಲೊಂದರಲ್ಲಿ ಹೀಗಾಗುವುದಕ್ಕೆ ಸಮರ್ಥನೆಯೇ ಇಲ್ಲ.

ಆದರೂ ನಾನು ಇದುವರೆಗೆ ಕಿಲ್ಕೆನ್ನಿಯ ಪರವಾಗಿಯೇ ಲೆಕ್ಕ ಹೇಳಿದವನಾಗಿ ಇದನ್ನೂ ಹೇಳಬೇಕು. ಟಿಪ್ಪರರಿ ಆ ಪಂದ್ಯವನ್ನು ಮುಗಿಸಿದ್ದು ಹದಿನಾಲ್ಕು ಜನರೊಂದಿಗೆ. ಒಬ್ಬ ಕಡಿಮೆ ಇದ್ದಾಗಲೇ ಅವರು ಕೊನೆಯ ಗೋಲು ಹೊಡೆದರು. ಕಿಲ್ಕೆನ್ನಿ ನಾಲ್ಕು ಗೋಲು ಬಿಟ್ಟುಕೊಟ್ಟಿತು, ತಾನು ಒಂದೂ ಹೊಡೆಯಲಿಲ್ಲ. ಒಂದು ಕಾಲದಲ್ಲಿ ಗೋಲೆಂದರೆ ಕಿಲ್ಕೆನ್ನಿ ಎಂಬಂತಿತ್ತು. 2000ದ ಫೈನಲ್‌ನಲ್ಲಿ ಆಫಲಿ ವಿರುದ್ಧ ಐದು ಗೋಲು ಹೊಡೆದ ತಂಡವದು. 2010ರಲ್ಲಿ ಸತತ ಐದನೆಯ ಕಪ್ ತಪ್ಪಿದ ದಿನ ಟಿಪ್ಪರರಿಯ ಲಾರ್ ಕಾರ್ಬೆಟ್ ಮೂರು ಗೋಲು ಹೊಡೆದಿದ್ದರು, 2019ರಲ್ಲಿ ಟಿಪ್ಪರರಿ 3-25, ಕಿಲ್ಕೆನ್ನಿ 0-20. ಟಿಪ್ಪರರಿಯವರಿಗೆ ಈ ರೋಗದ ಜಾಗ ಗೊತ್ತಿದೆ. ಬೋರ್ಡು ತಪ್ಪು ತೋರಿಸುವ ಮೊದಲಿನ ಅರವತ್ತೈದು ನಿಮಿಷಗಳ ಬಗ್ಗೆ ಕಿಲ್ಕೆನ್ನಿಯವರು ಮಾತನಾಡಲು ಇಷ್ಟಪಡುವುದಿಲ್ಲ.

ರಾತ್ರಿ ಪಾಳಿ

ನಮ್ಮ ಕಡೆ ಆ ಬೋರ್ಡಿನ ವಿಷಯ ಬಂದರೆ ಚಹಾ ತಣ್ಣಗಾಗುವವರೆಗೂ ಮಾತು ನಿಲ್ಲುವುದಿಲ್ಲ. ಅದೊಂದು ಬಗೆಯ ಸಮಾಧಾನ ಎಂದು ನನಗೆ ಅನಿಸುತ್ತದೆ. 2016, 2019, 2023ರ ಸೋಲುಗಳಿಗೆ ಹೊರಗಿನ ಕಾರಣ ಹುಡುಕುವುದು ಕಷ್ಟವಾಗಿತ್ತು.

ಕೋಡಿಯವರ ನಂತರ ಮ್ಯಾನೇಜರ್ ಆದ ಡೆರೆಕ್ ಲಿಂಗ್ ಅವರ ಮೇಲೆ ಬರುವ ಟೀಕೆ ಮಾತ್ರ ನನಗೆ ಅತಿಯೆನಿಸುತ್ತದೆ. ಆ ಕುರ್ಚಿಯಲ್ಲಿ ಕುಳಿತವರು ಯಾರೇ ಆಗಿದ್ದರೂ ಪ್ರತಿ ಸೋಲಿಗೂ ಅದೇ ಹೋಲಿಕೆ ಕೇಳಬೇಕಿತ್ತು.

ಶಾನನ್ ದಂಡೆ

ಲಿಂಗ್ ವಿಷಯದಲ್ಲಿ ಸಹೋದರಿಯ ಮಾತು ಸರಿ. ಆಟಗಾರರಾಗಿ ಆರು ಪದಕ ಗೆದ್ದವರು, ಮ್ಯಾನೇಜರ್ ಆಗಿ ಮೊದಲ ವರ್ಷ ಫೈನಲ್, ನಂತರದ ಎರಡು ವರ್ಷ ಸೆಮಿಫೈನಲ್ ತಲುಪಿಸಿದರು. ಇದಕ್ಕಿಂತ ಮುಖ್ಯವಾಗಿ, 2022ರಲ್ಲಿ ಲಿಮರಿಕ್ಕಿನ ಹುಡುಗರನ್ನು 0-19, 0-18ರಿಂದ ಸೋಲಿಸಿ 20 ವರ್ಷದೊಳಗಿನವರ ಕಪ್ ಗೆದ್ದ ಕಿಲ್ಕೆನ್ನಿ ತಂಡಕ್ಕೆ ಮ್ಯಾನೇಜರ್ ಆಗಿದ್ದವರೂ ಅವರೇ. ನಮ್ಮ ಊರಿನಲ್ಲಿ ಆ ಒಂದು ಅಂಕದ ಸೋಲನ್ನು ಹೆಚ್ಚು ಜನ ನೆನಪಿಟ್ಟಿಲ್ಲ, ನಾನು ಇಟ್ಟಿದ್ದೇನೆ.

ಲೆನ್‌ಸ್ಟರ್ ಸುಲಭ, ಆದ್ದರಿಂದ ಕಿಲ್ಕೆನ್ನಿ ಹದಗೊಳ್ಳದೆ ಬರುತ್ತದೆ ಎಂಬ ವಾದವನ್ನು ಇಲ್ಲಿ ದಿನವೂ ಕೇಳುತ್ತೇನೆ. 2018ರಿಂದ 2025ರವರೆಗಿನ ಎಂಟೂ ಕಪ್‌ಗಳು ಮನ್‌ಸ್ಟರ್‌ಗೆ ಹೋಗಿರುವುದು ಅದಕ್ಕೆ ಬಲ ಕೊಡುತ್ತದೆ. ಆದರೆ 2025ರ ಕ್ವಾರ್ಟರ್ ಫೈನಲ್‌ನಲ್ಲಿ ಲೆನ್‌ಸ್ಟರ್‌ನ ಡಬ್ಲಿನ್ ತಂಡ, ಅದೂ ಒಬ್ಬ ಆಟಗಾರನನ್ನು ಕಳೆದುಕೊಂಡ ಮೇಲೆ, ನಮ್ಮ ಲಿಮರಿಕ್ಕನ್ನೇ ಮನೆಗೆ ಕಳಿಸಿತು. ಅಂದಿನಿಂದ ಆ ವಾದವನ್ನು ನಾನು ಸ್ವಲ್ಪ ಮೆಲ್ಲಗೆ ಹೇಳುತ್ತೇನೆ.

ನೋರ್ ತೀರದವನು

ಇಷ್ಟು ಓದಿದ ಮೇಲೆ ನನ್ನ ಮೊದಲಿನ ಮಾತಿಗೆ ಒಂದನ್ನು ಸೇರಿಸುತ್ತೇನೆ. 2015ರಲ್ಲಿ ಕಪ್ ಎತ್ತಿದವರಲ್ಲಿ ಟಿ.ಜೆ. ರೀಡ್ ಮತ್ತು ಗೋಲ್‌ಕೀಪರ್ ಇಯೋನ್ ಮರ್ಫಿ 2025ರಲ್ಲೂ ತಂಡದ ಆಧಾರವಾಗಿದ್ದರು. ರೀಡ್ ಹುಟ್ಟಿದ್ದು 1987ರಲ್ಲಿ. ಅಂತಿಮ ಕ್ಷಣಗಳಲ್ಲಿ ಫ್ರೀ ಹೊಡೆತ ಸಿಕ್ಕಾಗ ಕೌಂಟಿಯ ಎಲ್ಲ ಕಣ್ಣುಗಳೂ ಹತ್ತು ವರ್ಷಗಳಿಂದ ಅದೇ ವ್ಯಕ್ತಿಯ ಕಡೆ ತಿರುಗುತ್ತಿವೆ. 2022ರ ಕಿರಿಯರ ತಂಡದಿಂದ ಬಂದ ಬಿಲಿ ಡ್ರೆನನ್‌ರಂಥವರು ಆ ಹೊರೆಯನ್ನು ಹಂಚಿಕೊಳ್ಳುವವರೆಗೆ ಮ್ಯಾನೇಜರನ್ನು ಬದಲಿಸಿದರೂ ಪ್ರಯೋಜನ ಕಾಣೆ.

ಮುಂದಿನ ಋತುಗಳಲ್ಲಿ ನಾನು ಲೆನ್‌ಸ್ಟರ್ ಪಂದ್ಯಗಳ ಅಂತರವನ್ನು ನೋಡಿ ಖುಷಿಪಡುವುದಿಲ್ಲ. ಮನ್‌ಸ್ಟರ್ ತಂಡಗಳೊಂದಿಗೆ ಲೀಗ್ ಪಂದ್ಯ ಇದ್ದಾಗ ಎರಡು ಸಂಗತಿಗಳನ್ನು ಗಮನಿಸುತ್ತೇನೆ: ಮರ್ಫಿ ಗೋಲಿನಿಂದ ಹೊಡೆದ ಚೆಂಡುಗಳಲ್ಲಿ ಎಷ್ಟು ಕಿಲ್ಕೆನ್ನಿಯ ಕೈಗೇ ಸೇರುತ್ತವೆ, ಮತ್ತು ಹಿಂದಿನ ಸಾಲು ತನ್ನ ಜಾಗ ಬಿಟ್ಟು ಮುಂದೆ ಹೋದಾಗ ಅದರ ಬೆನ್ನ ಹಿಂದೆ ಯಾರು ನಿಂತಿರುತ್ತಾರೆ.

ಹಳೆಯ ಗ್ಯಾಲರಿ

ಮೂರನೆಯದನ್ನೂ ಸೇರಿಸಿಕೊಳ್ಳಿ: ಅಂದಿನ ಹದಿನೈದರಲ್ಲಿ ಬ್ಯಾಲಿಹೇಲ್‌ನವರಲ್ಲದವರು ಎಷ್ಟು ಅಂಕ ಗಳಿಸಿದರು ಎಂಬುದನ್ನು.